ಜೂನ್ ಒಂದು

ಹಾಡು ಒಂದೂ ಹೋಗಿಲ್ಲ ಅಂತ ನಯಾಜ್ ಆಣೆ ಮಾಡಿದ.
ಹೋಗಿರಲಿಲ್ಲ, ನಿಜ.
ಹನ್ನೊಂದು ಸಾವಿರದ ಮುನ್ನೂರ ಆರು,
ಎಣಿಸಿದರೆ ಒಂದೂ ಕಮ್ಮಿಯಿಲ್ಲ.
ಹೆಸರಿಲ್ಲ ಅಷ್ಟೆ.
ಟ್ರ್ಯಾಕ್ ಒಂದು. ಟ್ರ್ಯಾಕ್ ಒಂದು. ಟ್ರ್ಯಾಕ್ ಒಂದು.
ಗಾಯಕರು: ಗೊತ್ತಿಲ್ಲ.
ಗುರುತಿನ ಚೀಟಿ ಕಳಕೊಂಡು ಕಚೇರಿ ಮುಂದೆ ಸಾಲು ನಿಂತವರ ಹಾಗೆ
ಪರದೆ ತುಂಬ ನಿಂತಿದ್ದವು.

ನೆಹರು ರಸ್ತೆ ಹಿಂದಿನ ಓಣಿ, ಹಾಲೇಶಪ್ಪ ಸೌಂಡ್ಸ್.
ಮಧ್ಯಾಹ್ನ ಮೂರು. ಆಂಪ್ಲಿಫಯರ್ ಮುಟ್ಟಿದರೆ ಬೊಬ್ಬೆ ಏಳುವ ಏಪ್ರಿಲ್.
ನಾಳಿದ್ದು ಸವಳಂಗ ರಸ್ತೆ ಛತ್ರದಲ್ಲಿ ಮದುವೆ.
ವೈರಸ್ಸು ಹೊಡೆದ ಕಂಪ್ಯೂಟರು ತೊಳೆದು ಬಳಿದು ಹೊಸದಾಗಿ ಕೂತಿದೆ,
ಹಾಲೇಶಣ್ಣ ಹದಿನಾರು ವರ್ಷ
ಒಂದೇ ಬೆರಳಲ್ಲಿ ಕುಟ್ಟಿದ್ದು ಒಂದೂ ಇಲ್ಲ:
ಧಾರೆ ಮುಗಿದ ಮೇಲೆ, ಮೊದಲಲ್ಲ.
ಎರಡನೇ ಪಂಕ್ತಿಗೆ, ಶಬ್ದ ಅರ್ಧ.
ಗುರುಬಸಮ್ಮನವರ ಮನೆಗೆ ಬೇಡ, ಅವರ ಮಗಳು ಹಾಡುತ್ತಿದ್ದದ್ದು.
ಹುಡುಗರು ಕಾಲು ಹಿಡಿದರೂ ಹತ್ತರ ಮೇಲೆ ಇಲ್ಲ.

ಸೇರಿಸಿದ ದಿನ: ಏಪ್ರಿಲ್ ಹದಿನೇಳು.
ಎಲ್ಲಕ್ಕೂ.
ಎಪ್ಪತ್ತೆರಡರ ನಾದಸ್ವರವೂ
ಮೊನ್ನೆ ಹುಟ್ಟಿದ ಡಿಜೆಯೂ ಒಂದೇ ದಿನದ ಕೂಸು.
ನಾನು ಅಳುವ ಹಾಗಿದ್ದೆ. ಹಾಲೇಶಣ್ಣ ನಕ್ಕ.
'ಹೊಳೆಹೊನ್ನೂರು ಶಾಲೇಲಿ ಮೇಷ್ಟ್ರು ನಮಗೆಲ್ಲ
ಜೂನ್ ಒಂದು ಅಂತ ಬರೆದ್ರಲ್ಲ, ಹಾಗಾಯ್ತು ಬಿಡು.
ನಾನೂ ನಮ್ಮ ಚಿಕ್ಕಪ್ಪನೂ ರೆಕಾರ್ಡಿನಲ್ಲಿ ಅವಳಿ.'

ಆದರೂ ಹುಡುಕಿದೆ.
ಅಡಗಿಸಿದ್ದನ್ನೂ ತೋರಿಸು ಅಂದೆ. ತೋರಿಸಿತು.
ಹಳೆಯ ವಿಂಡೋಸನ್ನು ನಯಾಜ್ ಬಿಸಾಡದೆ
ಒಂದು ಫೋಲ್ಡರಿಗೆ ತುರುಕಿದ್ದ, ಅವನ ಕೈ ತಣ್ಣಗಿರಲಿ.
ಅದರೊಳಗೊಂದು, ಅದರೊಳಗೊಂದು,
ತಳದಲ್ಲಿ ಲೈಬ್ರರಿ ಫೈಲು. ಕೊನೆಗೆ ತಿದ್ದಿದ್ದು ಫೆಬ್ರವರಿ.
ಬಿಚ್ಚಿದರೆ ಬರೀ ವಿಳಾಸ, ಹಾಡಿಗೊಂದು.
ಪ್ರತಿಯೊಂದೂ ಶುರುವಾಗುವುದು ಡಿ ಅಂತ.
ಈಗ ಆ ಡಿಸ್ಕು ಇ.
ಇಷ್ಟಕ್ಕೇ!
ಒಂದಕ್ಷರಕ್ಕೆ ಇಡೀ ಊರು ಮೂಕ.

ಹುಡುಕು: ಡಿ. ಬದಲಿಸು: ಇ.
ಒತ್ತುವ ಮುನ್ನ ಶಿಲುಬೆ ಗುರುತು ಹಾಕಿಕೊಂಡೆ,
ಹಾಲೇಶಣ್ಣ ನೋಡದ ಹಾಗೆ.

ಹಾಜರಿ ಕೂಗಿದ ಹಾಗೆ ಎದ್ದವು.
ಧಾರೆಯದ್ದು, ಬೀಗರದ್ದು, ಶಬ್ದ ಅರ್ಧದ್ದು,
ಗುರುಬಸಮ್ಮನವರ ಮಗಳದ್ದು.
ಫೆಬ್ರವರಿ ಆಚೆಯ ನಲವತ್ತನಾಲ್ಕು ಮಾತ್ರ ತೆಪ್ಪಗೆ ಕೂತವು.
ಅವನ್ನು ಒಂದೊಂದೇ ಎರಡು ಸೆಕೆಂಡು ಬಿಟ್ಟೆ,
ಹಾಲೇಶಣ್ಣ ಬೀಡಿ ಹಚ್ಚುತ್ತಲೇ ಹೇಳುತ್ತ ಹೋದ, ನಾನು ಬರೆದೆ.
ಮೂರು ತಪ್ಪು ಹೇಳಿದ. ತಪ್ಪನ್ನೇ ಬರೆದೆ.

ಆಮೇಲೆ ಕಣ್ಣಿಗೆ ಬಿತ್ತು ಆ ಸಾಲು.
ಹೆಸರು: ಹಾಕಬಾರದು.
ಉದ್ದ: ನಲವತ್ತೊಂದು ಸೆಕೆಂಡು.
ಚುಕ್ಕಿ ಐದು.
ಹಾಕಿದ್ದು ಇನ್ನೂರ ಹನ್ನೆರಡು ಸಲ.
ಕೊನೆಯ ಸಲ, ರಾತ್ರಿ ಎರಡು ನಲವತ್ತು.

ಮೌಸ್ ಅದರ ಮೇಲೇ ನಿಂತುಬಿಟ್ಟಿತು.
ಮೂಲೆಯಲ್ಲಿ ವೈರು ಸುತ್ತುತ್ತಿದ್ದವನ ಮೊಣಕೈಯೂ.
'ಫಿಲೋ,' ಅಂದ,
'ಅದೊಂದಕ್ಕೆ ಜೂನ್ ಒಂದೇ ಇರಲಿ.'

ಚುಕ್ಕಿ ಅಳಿಸಿದೆ. ಲೆಕ್ಕ ಸೊನ್ನೆ ಮಾಡಿದೆ.
ಟ್ರ್ಯಾಕ್ ಒಂದು. ಗಾಯಕರು: ಗೊತ್ತಿಲ್ಲ.
ಕೇಳಲಿಲ್ಲ ನಾನು. ಇವತ್ತಿಗೂ.
ಅವನು ವೈರಿನ ಸುತ್ತು ಎಲ್ಲಿಗೆ ಬಿಟ್ಟಿದ್ದೆ ಅಂತ ಮರೆತು
ಬಿಚ್ಚಿ ಮತ್ತೆ ಮೊದಲಿಂದ ಸುತ್ತಿದ.
'ನಾಳಿದ್ದಿಗೆ ಟೆಂಪೋ ಹೇಳಿದೀಯಾ?'