ಕರೆಂಟು ನೀರು ಸೇರಿ

ಐದೂವರೆ ಸಾವಿರ, ಕರೆಂಟು ನೀರು ಸೇರಿ,
ಅಂದರು ಅಪೊಲಿನ್ ಬಾಯಿ,
ಬೀಗದ ಕೈಯನ್ನು ಇನ್ನೂ ನೈಟಿಯ ಜೇಬಿನಲ್ಲೇ ಹಿಡಿದು.
"ಒಬ್ಬಳೇ ಅಲ್ವಾ?
ಒಬ್ಬಳಿಗೆ ಎಷ್ಟು ಬೇಕು ಮಾರಾಯ್ತಿ?"

ಎಷ್ಟು ಬೇಕು?
ನಲವತ್ತಮೂರು ವರ್ಷ ಯಾರೂ ಕೇಳಿರಲಿಲ್ಲ.
ತವರಲ್ಲಿ ಏಳು ಜನಕ್ಕೊಂದು ಬಾವಿ,
ಆಮೇಲೆ ಅತ್ತೆಯ ಕಣ್ಣಳತೆಯ ಕೊಡಪಾನ.
ಅವರೆಲ್ಲರ ಲೆಕ್ಕದೊಳಗೆ ನನ್ನ ಪಾಲು
ಉಪ್ಪಿನ ಹಾಗೆ ಕರಗಿ
ರುಚಿಗೆ ಬಂದಿತ್ತು,
ತೂಕಕ್ಕೆ ಬಂದಿರಲಿಲ್ಲ.

ಜೆಪ್ಪುವಿನ ಒಂದು ಸಂದಿ. ಕೆಳಗೆ ಅವರು, ಮೇಲೆ ನಾನು.
ಮೂಲೆಯಲ್ಲಿ ಕಡಪಾ ಕಲ್ಲು, ಅದೇ ಅಡುಗೆಮನೆ;
ಎರಡು ಹೆಜ್ಜೆಗೆ ಚಾಪೆ, ಅದೇ ಚಾವಡಿ;
ಕಿಟಕಿ ತೆರೆದರೆ ಪಕ್ಕದ ಮನೆಯ ದೀವಿಹಲಸು
ಎಲೆಯ ಅಂಗೈ ಚಾಚಿ
ತನಗೂ ಬಾಡಿಗೆ ಕೊಡು ಅನ್ನುವಷ್ಟು ಹತ್ತಿರ.
ಹಂಪನಕಟ್ಟೆಯ ಕನ್ನಡಕದಂಗಡಿಯಲ್ಲಿ ಇಡೀ ದಿನ
ಊರವರ ಕಣ್ಣಿನ ನಂಬರು ಬರೆದುಕೊಂಡು
ರಾತ್ರಿ ಬಂದು ಬೀಗ ತೆಗೆದು
ನನ್ನ ಚಪ್ಪಲಿಯನ್ನು ನಾನೇ ಎಡವುತ್ತಿದ್ದೆ.

ಸೇರಿ ಎಂಬ ಮಾತು ಸುಲಭದ್ದಲ್ಲ.
ಸೇರಿದ್ದಕ್ಕೆಲ್ಲ ಕಿವಿ ಇರುತ್ತದೆ.
ಎರಡು ಮನೆಗೆ ಒಂದೇ ಮೀಟರು, ಅವರ ಮೆಟ್ಟಿಲ ಕೆಳಗೆ.
ಮಿಕ್ಸಿ ತಿರುಗಿದ ಮಾರನೆಯ ಬೆಳಿಗ್ಗೆ, ಗೇಟಿನ ಹತ್ತಿರ:
"ಬಂಗುಡೆ ತಂದದ್ದಾ ನಿನ್ನೆ? ಮಸಾಲೆ ತುಂಬಾ ಹೊತ್ತು ಕಡೆಯಿತು."
ಹನ್ನೊಂದರ ನಂತರ ದೀಪ ಉರಿದರೆ:
"ನಿದ್ದೆ ಬರ್ಲಿಲ್ವಾ?"
ಬೈದದ್ದೋ ವಿಚಾರಿಸಿದ್ದೋ ತಿಳಿಯದೆ
ಎರಡಕ್ಕೂ ಸಲ್ಲುವ ಒಂದು ನಗು ನಕ್ಕು
ಬಸ್ಸಿಗೆ ಓಡುತ್ತಿದ್ದೆ.

ಹಾಗೆ ಕಲಿತೆ, ಕತ್ತಲಲ್ಲಿ ಉಣ್ಣುವುದನ್ನು.
ಬಾಯಿ ತಪ್ಪುವುದಿಲ್ಲ, ಮುಳ್ಳಿಗೆ ಮಾತ್ರ ಹೆದರಿಕೆ.
ಬೆನ್ನ ಮೇಲೆ ಚಾಪೆಯ ಅಚ್ಚು ಬೀಳುವ ಮೇ ತಿಂಗಳ ಸೆಕೆಯಲ್ಲಿ
ಫ್ಯಾನನ್ನು ಒಂದರಲ್ಲಿಟ್ಟು
ಉಳಿದ ನಾಲ್ಕನ್ನು ಅವರಿಗೆ ಬಿಟ್ಟುಕೊಟ್ಟೆ.
ತುಂಬೆಯಲ್ಲಿ ನೀರು ತಳ ಕಂಡ ವಾರ
ಅರ್ಧ ಬಕೆಟ್ಟಿನಲ್ಲಿ ಮಿಂದೆ,
ಉಳಿದರ್ಧ ಯಾರಿಗೆಂದು ಗೊತ್ತಿಲ್ಲ.

ಕುಲಶೇಖರದಿಂದ ಅಳಿಯ ಬಂದ, ಬಿಲ್ಲು ನೋಡಿದ.
"ಮಾಮಿ, ಇದು ಮೇಲಿನವಳದ್ದೇ."
ಮರುದಿನ ಚಿದಾನಂದ ಏಣಿ ತಂದು
ನನ್ನ ಬಾಗಿಲ ಪಕ್ಕ ಸಬ್‌ಮೀಟರು ಬಡಿದ.
ಅಂಗೈಯಗಲದ ಡಬ್ಬಿ, ಒಳಗೆ ಹಣೆಬೊಟ್ಟಿನಷ್ಟು ಕೆಂಪು
ಹತ್ತುತ್ತ, ಆರುತ್ತ.
ಇನ್ನು ಐದು ಸಾವಿರ. ನೀರು ಸೇರಿ, ಕರೆಂಟು ಬೇರೆ.
ಬೇರೆ.
ಆ ಮಾತನ್ನು ಒಮ್ಮೆ ಕುಂದಾಪುರದ ಕೋರ್ಟಿನಲ್ಲಿ ಕೇಳಿದ್ದೆ,
ಆವತ್ತು ಅದಕ್ಕೆ ಮೊಹರು ಬಿದ್ದಿತ್ತು.

ತಿಂಗಳಾಯಿತು. ಹತ್ತೊಂಬತ್ತು.
ಅಪೊಲಿನ್ ಬಾಯಿ ಕನ್ನಡಕ ಏರಿಸಿದರು
(ನಮ್ಮ ಅಂಗಡಿಯದ್ದೇ, ನಂಬರು ನಾನೇ ಬರೆದದ್ದು),
ನೋಡಿದರು, ಡಬ್ಬಿಯನ್ನು ಬೆರಳ ಗೆಣ್ಣಿನಿಂದ ಬಡಿದರು.
"ಇದು ಸರಿ ಓಡುವುದಾ?"
ಚಿದಾನಂದ ಮತ್ತೆ ಬಂದ. "ಸರಿ ಉಂಟು."
"ಹಾಗಾದರೆ ಇಷ್ಟು ದಿನ ಕರೆಂಟು ತಿಂದದ್ದು ನಾನೇನಾ?"
ಕೆಳಗೆ ಅವರ ಹಳೆ ಫ್ರಿಜ್ಜು
ಒಮ್ಮೆ ಮೈ ನಡುಗಿಸಿ ಗೊರಕೆ ಹೊಡೆಯಿತು.

ಹತ್ತೊಂಬತ್ತು.
ಆ ರಾತ್ರಿ ಬಾಗಿಲು ತೆರೆದಿಟ್ಟು ಅದರೆದುರು ಕೂತೆ.
ಇದಕ್ಕೆ ಯಾವ ಕನ್ನಡಕ ಕೊಡುವುದು?
ಆಮೇಲೆ ಎದ್ದು ಇಸ್ತ್ರಿಪೆಟ್ಟಿಗೆ ಬಿಸಿಗಿಟ್ಟೆ.
ಸೀರೆಗಳು ಮುಗಿದವು. ದಿಂಬಿನ ಚೀಲ, ಕೈವಸ್ತ್ರ,
ಗಾಜು ಒರೆಸುವ ಹಳದಿ ಬಟ್ಟೆಯ ಚೂರುಗಳನ್ನೂ ಬಿಡಲಿಲ್ಲ.
ಕೆಂಪು ಬೊಟ್ಟು ನಡೆಯುವುದನ್ನು ಬಿಟ್ಟು ಓಡತೊಡಗಿತು.

"ವಾರಿಜಾ, ಎಂತ ಮಾಡ್ತಿ ಇಷ್ಟು ಹೊತ್ತಿಗೆ?"

ಫ್ಯಾನನ್ನು ಐದಕ್ಕೆ ತಿರುಗಿಸಿದೆ.
ಆ ಸದ್ದಿನಲ್ಲಿ
ನನಗೆ ಕೇಳಿಸಲಿಲ್ಲ.