ನೆಲ ಡೊಂಕು

ಸರೋವರದ ಕಡೆಯಿಂದ ಗಾಳಿ ಬೀಸಿದರೆ
ಊರೆಲ್ಲ ಒಣಮೀನಿನ ವಾಸನೆ.
ಮಾವಿನ ಮರದಡಿ ಜೀಪು ನಿಲ್ಲಿಸಿ
ಇಂಗ್‌ವಿಲ್ಡ್ ಟ್ಯಾಬ್ಲೆಟ್ಟಿನ ಧೂಳು ಒರೆಸಿದಳು.
ನಾರ್ವೆಯವಳು, ಮಲಾವಿಯ ಬಿಸಿಲಿಗೆ ಮೂಗು ಸುಲಿದಿತ್ತು.
ನಾನು ದುಭಾಷಿ, ಫಾರಮ್ಮಿಗೆ ಇಷ್ಟೆಂದು ಕೂಲಿ.

ಮೊದಲ ಮನೆ ನಾಂಬೇವೆಯದು.
ಐದರ ಪ್ರಾಯದಲ್ಲಿ ಬಂದ ಜ್ವರ
ಎಡಗಾಲನ್ನು ಅಲ್ಲೇ, ಐದರಲ್ಲೇ, ಬಿಟ್ಟುಹೋಗಿತ್ತು;
ಉಳಿದ ಮೈಗೆ ಐವತ್ತಾಗಿತ್ತು.

"ನಡೆಯುವುದು ನಿಮಗೆ ಕಷ್ಟವೇ?"
ಉತ್ತರಕ್ಕೆ ನಾಲ್ಕು ಚೌಕ:
ಇಲ್ಲ. ಸ್ವಲ್ಪ. ಬಹಳ. ಆಗುವುದೇ ಇಲ್ಲ.
ಅದನ್ನು ಚಿಚೇವಾಕ್ಕೆ ಇಳಿಸಿದೆ.
ಕೆಂಡದ ಮೇಲಿನ ಮೀನು ಮಗುಚುತ್ತ ಅವಳು
"ಎಲ್ಲಿಗೆ?" ಅಂದಳು.

ಎಲ್ಲಿಗೆ ಎನ್ನಲು ಐದನೆಯ ಚೌಕ ಇರಲಿಲ್ಲ.

"ದಡಕ್ಕಾದರೆ ಇಳಿಜಾರು, ಕೂತೇ ಜಾರುತ್ತೇನೆ.
ಸಂತೆಗೆ ಸೊಸೆಯ ಸೈಕಲ್ಲಿದೆ.
ಆಸ್ಪತ್ರೆಗೆ ಹೋಗುವುದೇ ಇಲ್ಲ, ಮೆಟ್ಟಿಲು ಹನ್ನೊಂದು.
ಸಾವಿನ ಮನೆಗೆ ಮಾತ್ರ ಹೇಗಾದರೂ ಮುಟ್ಟುತ್ತೇನೆ,
ಮುಟ್ಟದಿದ್ದರೆ ನನ್ನ ಸಾವಿಗೆ ಯಾರು ಬಂದಾರು?
ಇದರಲ್ಲಿ ಯಾವುದನ್ನು ಬರೆದುಕೊಳ್ಳುತ್ತಾಳೆ ನಿನ್ನ ಬಿಳಿ ಹುಡುಗಿ?"

ಅಷ್ಟನ್ನೂ ಇಂಗ್ಲಿಷಿಗೆ ದಾಟಿಸುವಷ್ಟರಲ್ಲಿ
ಮೀನು ಒಂದು ಮಗ್ಗುಲು ಸೀದಿತ್ತು.
ನನ್ನ ನಾಲಿಗೆ ಕೆಲವು ಅಕ್ಷರಗಳ ಹೊಸ್ತಿಲಲ್ಲೇ ಎಡವುತ್ತದೆ,
ಮಾತು ಕಲಿತಾಗಿನಿಂದ.
ದುಭಾಷಿಯೇ ತೊದಲ. ಬೇರೆ ಯಾರೂ ಸಿಗಲಿಲ್ಲ ಅವರಿಗೆ.

ಸಂಜೆ ಅತಿಥಿಗೃಹದಲ್ಲಿ ಜಗಳ.
ಶೆಫೀಲ್ಡಿನ ಗ್ಯಾರೆತ್, ಗಾಲಿಕುರ್ಚಿಯಲ್ಲೇ ಮೂವತ್ತು ವರ್ಷ,
ಬಸ್ಸುಗಳಿಗೆ ಅಡ್ಡ ಕೂತು ಎರಡು ಸಲ ಠಾಣೆ ಕಂಡವನು,
ಬಾಟಲಿಯನ್ನು ಮೇಜಿಗೆ ಕುಟ್ಟಿದ:
"ಕಾಲಿನ ಲೆಕ್ಕ ಯಾಕೆ? ಮೆಟ್ಟಿಲಿನ ಲೆಕ್ಕ ಬರೆ!
ಕುಣಿಯಲಾರದವಳು ನೆಲ ಡೊಂಕು ಅಂದಳೆಂದು
ನಕ್ಕರಲ್ಲ ಜನ ಇಷ್ಟು ಕಾಲ,
ಒಬ್ಬರಾದರೂ ಬಗ್ಗಿ ನೋಡಿದರೇ ಆ ನೆಲವನ್ನು?
ಡೊಂಕೇ ಇತ್ತು!"

ಇಂಗ್‌ವಿಲ್ಡ್ ಮೆಲುದನಿಯವಳು. ಅವರ ಕಡೆಯ ವಿದ್ಯೆ ಬೇರೆ:
ತಪ್ಪು ಕಾಲಿನದಲ್ಲ, ಬರೀ ಮೆಟ್ಟಿಲಿನದೂ ಅಲ್ಲ,
ನಡುವೆ ಬಿದ್ದ ಸಂದಿನದು.
ಸಂದನ್ನು ಅಳೆಯಬೇಕು, ಅಳೆದು ಸರಕಾರಕ್ಕೆ ಕೊಡಬೇಕು.
"ಕೊಟ್ಟರೆ?" ಅಂದೆ.
"ತುಂಬುತ್ತಾರೆ" ಅಂದಳು, ಎಷ್ಟು ನಂಬಿಕೆಯಿಂದ ಎಂದರೆ
ಅವಳ ಊರಿನ ಸರಕಾರವನ್ನೊಮ್ಮೆ
ಮುಟ್ಟಿ ನೋಡಬೇಕೆನಿಸಿತು ನನಗೆ.

ಜೊಂಬಾದಿಂದ ಬಂದ ಪ್ರೊಫೆಸರ್ ತಿಯಾಮಿಕೆ ಕಪೋಂಡಾ
ಹಿಟ್ಟಿನ ಮುದ್ದೆ ಮುರಿಯುತ್ತಿದ್ದರು.
"ಇಬ್ಬರೂ ಒಬ್ಬಳನ್ನೇ ಎಣಿಸುತ್ತೀರಿ.
ಸೈಕಲ್ ಕೆಟ್ಟ ದಿನ ಕುಂಟುವುದು ಅವಳೊಬ್ಬಳೋ, ಆ ಮನೆಯೋ?"
ಸ್ವಲ್ಪ ಹೊತ್ತು ಬಿಟ್ಟು, ಯಾರೂ ಕೇಳದಿದ್ದರೂ,
"ಹಾಗೆಂದು ಮನೆಯನ್ನು ಹೊಗಳಬೇಡಿ.
ನನ್ನ ಚಿಕ್ಕಮ್ಮನ ಮಗನನ್ನು ಹಿತ್ತಲ ಕೋಣೆಯಲ್ಲಿ
ಹದಿನಾಲ್ಕು ವರ್ಷ ಬಚ್ಚಿಟ್ಟಿದ್ದೂ ಮನೆಯೇ."

ಕರೆಂಟು ಹೋಯಿತು.
ಕತ್ತಲಲ್ಲಿ ಗ್ಯಾರೆತ್ ನಕ್ಕ:
"ಈಗ ಕಣ್ಣಿನ ಪ್ರಶ್ನೆಗೆ ನಾಲ್ವರದೂ 'ಬಹಳ'."

ಹೊರಡುವ ಬೆಳಿಗ್ಗೆ ಒಂದು ಫಾರಂ ಉಳಿದಿತ್ತು.
ಇಂಗ್‌ವಿಲ್ಡ್ ನನ್ನ ಕಡೆ ತಿರುಗಿದಳು.
"ನಿತ್ಯದ ಭಾಷೆಯಲ್ಲಿ, ಹೇಳಬೇಕಾದ್ದನ್ನು ತಿಳಿಸಲು
ನಿಮಗೆ ಕಷ್ಟವೇ?"

ಬ್ಯಾಂಕಿನ ಕಿಟಕಿ ನೆನಪಾಯಿತು,
ಬೆನ್ನ ಹಿಂದಿನ ಸಾಲಿನ ಕೆಮ್ಮು.
ನಾಂಬೇವೆ ನೆನಪಾದಳು: ಮಾತು ಸಿಕ್ಕಿಕೊಂಡಾಗ
ಒಂದು ಮೀನು ಮಗುಚಿ, ಇನ್ನೊಂದು ಮಗುಚಿ,
ಪದ ತಾನಾಗಿ ದಡ ಹತ್ತುವ ತನಕ
ಮುಖ ನೋಡದೆ ಕಾಯುವವಳು.

"ಯಾ... ಯಾ..." ಅಂದೆ.
ಬೆರಳು 'ಬಹಳ'ದ ಕಡೆಗೆ ಇಳಿಯುತ್ತಿತ್ತು.
"ಯಾರ ಹತ್ತಿರ?"
ಬೆರಳು ಗಾಳಿಯಲ್ಲೇ ನಿಂತಿತು. ಡ್ರೈವರ್ ಹಾರನ್ನು ಒತ್ತಿದ.

ಆ ಫಾರಮ್ಮಿಗೆ ಕೂಲಿ ಬರಲಿಲ್ಲ. ಅಪೂರ್ಣ, ಅಂತೆ.

ಜೀಪಿನ ಧೂಳು ಕೂತ ಮೇಲೆ
ನಾಂಬೇವೆಯ ಅಂಗಳದಲ್ಲಿ ಬಗ್ಗಿ ನೋಡಿದೆ.
ನೆಲ ಡೊಂಕೇ ಇತ್ತು.
ಒಲೆಯ ಮೂರು ಕಲ್ಲುಗಳಲ್ಲಿ ಒಂದರ ಕೆಳಗೆ
ಒಡೆದ ಮಡಕೆಯ ಚೂರು ಕೊಟ್ಟಿದ್ದಳು ಅವಳು,
ಯಾವತ್ತೋ.