ಬೋರಲು

ಶ್ಲೊಕ್ ಬೀಸುವ ಆಗಸ್ಟಿನಲ್ಲಿ
ಸೂಲಗಿತ್ತಿ ಜುದಿತ್ತಾ ತನ್ನ ಹಳೇ ಮಿನಿಯನ್ನು
ಗ್ಯಾರೇಜಿನ ಬಾಗಿಲಿಗೆ ತಂದು ನಿಲ್ಲಿಸಿದಳು.
ಶ್ಲೊಕ್ ಅಂದರೆ ಆಫ್ರಿಕದ ಕಡೆಯ ಗಾಳಿ,
ಸಮುದ್ರ ದಾಟಿಯೂ ತಣಿಯದ್ದು.
ಸಿಜ್ಜೀವಿಯ ಸುಣ್ಣಕಲ್ಲಿನ ಗೋಡೆ ಮುಟ್ಟಿದರೆ ಆಗ
ರಾತ್ರಿ ಹನ್ನೊಂದಕ್ಕೂ
ಜ್ವರ ಬಂದ ಮಗುವಿನ ಬೆನ್ನು.

"ಏನೂ ಕೆಟ್ಟಿಲ್ಲ ಝಾರೆನ್, ಬೆಲ್ಟು ಕಿರುಗುಟ್ಟುತ್ತದೆ ಅಷ್ಟೆ.
ಕಾವೇ? ಅದು ಇದರ ಹುಟ್ಟುಗುಣ.
ರಬಾತ್ ಏರಿನ ಬುಡದಲ್ಲೇ ಹೀಟರ್ ಹಾಕಿಬಿಡುತ್ತೇನೆ,
ಎಂಜಿನ್ನಿನ ಬೇಗೆ ನನ್ನ ಕಾಲಿಗೆ ಬರಲಿ ಅಂತ.
ಆಮೇಲೆ ಮುಳ್ಳು ಇಳಿಯುತ್ತದೆ."

ಹದಿನಾರು ಬೇಸಿಗೆ.
ಗಾಜು ಇಳಿಸಿ, ಹೀಟರ್ ಏರಿಸಿ,
ಬೆವರಲ್ಲಿ ಅದ್ದಿದ ಬಿಳಿ ಅಂಗಿಯಲ್ಲಿ
ಯಾರ ಯಾರದೋ ನೋವಿನ ಹೊತ್ತಿಗೆ ಸರಿಯಾಗಿ
ಬೆಟ್ಟದ ಮೇಲಿನ ಕದ ತಟ್ಟಿದ್ದಾಳೆ ಈಕೆ.

ರೇಡಿಯೇಟರ್ ಸರಿಸಿ ಕೈ ತೂರಿಸಿದೆ.
ಗೆಣ್ಣಿನ ರಕ್ತ ಕೇಳದೆ ಬಿಟ್ಟದ್ದಿಲ್ಲ ಈ ಕೆಲಸ.
ಟಾರ್ಚ್ ಹಿಡಿದರೆ,
ಫ್ಯಾನು ಬೋರಲು.

ಈ ಕಾರಿನ ರೇಡಿಯೇಟರ್ ಇರುವುದು ಮೂತಿಗಲ್ಲ, ಪಕ್ಕೆಗೆ,
ಎಡಚಕ್ರದ ಗೂಡಿಗೆ ಬೆನ್ನು ಹಚ್ಚಿಕೊಂಡು.
ಫ್ಯಾನು ಗಾಳಿಯನ್ನು ಅದರ ಮೂಲಕ ಹೊರಕ್ಕೆ ನೂಕಬೇಕು.
ಒಂದೊಂದು ಎಲೆಗೂ ಸಣ್ಣ ಬಾಗು:
ತಗ್ಗು ರೇಡಿಯೇಟರಿನ ಕಡೆ, ಉಬ್ಬು ಎಂಜಿನ್ನಿನ ಕಡೆ.
ಇಷ್ಟೇ ಶಾಸ್ತ್ರ.

ತಿರುವಿ ಹಾಕಿದರೆ ಗಾಳಿ ಹಿಂದಕ್ಕೆ ಬೀಸುತ್ತದೆ ಅನ್ನುತ್ತಾರೆ ಜನ.
ಇಲ್ಲ, ದಿಕ್ಕು ಅದೇ.
ಮೊರ ಬೋರಲು ಹಿಡಿದು ಬೀಸಿದ ಹಾಗೆ
ಕೈ ಆಡುತ್ತಲೇ ಇರುತ್ತದೆ, ಹೊಟ್ಟು ಹಾರುವುದಿಲ್ಲ.
ಪೂರಾ ತಪ್ಪಿದ್ದರೆ ಮೊದಲ ದಿನವೇ ಕುದಿದು, ಉಕ್ಕಿ,
ರಸ್ತೆ ಬದಿ ನಿಂತು ಸಿಕ್ಕಿಬೀಳುತ್ತಿತ್ತು.
ಅರ್ಧ ಸರಿಯಿದ್ದದ್ದಕ್ಕೇ
ಇಷ್ಟು ವರ್ಷ ಬಾಳಿತು.

"ಈಜುವಾಗ ನೀರನ್ನು ಅಂಗೈಯಿಂದ ತಳ್ಳುತ್ತೀಯೋ, ಹಿಂಗೈಯಿಂದಲೋ?"
ವಿಸ್ತೀನ್ ಮೇಸ್ತ್ರಿ ಕೇಳಿದ್ದ,
ಹದಿನಾಲ್ಕರ ಹುಡುಗ ನಾನು, ತಲೆಯಾಡಿಸಿದ್ದೆ.
ಕಣ್ಣು ಬಾಗಿಲಾಚೆ ಇತ್ತು:
ಟವೆಲು ಹೆಗಲಿಗೆ ಹಾಕಿ ಗೆಳೆಯರೆಲ್ಲ ಕಡಲಿಗೆ ಹೊರಟಿದ್ದರು.

ಫ್ಯಾನಿನ ನಡುವೆ, ಜಿಡ್ಡು ಒರೆಸಿದಾಗ, ಒಂದು ನೀಲಿ ಚುಕ್ಕೆ.
ದೋಣಿಗೆ ಬಳಿಯುವ ಬಣ್ಣ. ನನ್ನದೇ ಗುರುತು.
ಮುಗಿಸಿದ ಕೆಲಸಕ್ಕೆಲ್ಲ ಇಡುತ್ತಿದ್ದೆ ಆಗ,
ದೊಡ್ಡ ಕಲಾವಿದನ ಗತ್ತಿನಲ್ಲಿ.

ಹೊರಗೆ ಕಲ್ಲುಬೆಂಚಿನ ಮೇಲೆ ಕೂತು
ಕಿತ್ತಳೆ ಸೋಡಾ ಕುಡಿಯುತ್ತಿದ್ದಳು ಜುದಿತ್ತಾ.
ಮೂರು ವರ್ಷದ ಹಿಂದೆ, ಮಾರ್ಚಿನಲ್ಲಿ,
ಕಾಲು ಮುಂದಾಗಿ ಕೂತಿದ್ದ ನನ್ನ ಮಗಳನ್ನು
ಹೊಟ್ಟೆಯ ಮೇಲಿಂದಲೇ, ಮಾತಾಡಿಸುತ್ತ ಮಾತಾಡಿಸುತ್ತ,
ತಿರುಗಿಸಿದ ಕೈ ಅದು.

ನಾನೂ ತಿರುಗಿಸಿದೆ.
ನಾಲ್ಕೇ ತಿರುಪು, ಒಂದರ ಎದುರಿಗೊಂದು ಬಿಗಿದು.
ಹೊಸ ಬೆಲ್ಟನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿದೆ:
ಅರ್ಧ ಅಂಗುಲ ಬಗ್ಗಬೇಕು, ಹೆಚ್ಚು ಬೇಡ.
ರೇಡಿಯೇಟರ್ ಕೂರಿಸಿ, ನೀರು ತುಂಬಿ, ಕೀಲಿ ತಿರುಗಿಸಿ
ಚಕ್ರದ ಗೂಡಿನಲ್ಲಿ ಹಳೇ ಬಸ್ ಟಿಕೆಟ್ಟು ಹಿಡಿದರೆ
ಕೈಯಿಂದ ಕಿತ್ತುಕೊಂಡೇ ಹೋಯಿತು ಗಾಳಿ.

"ಎಷ್ಟಾಯಿತು?"
"ಬೆಲ್ಟಿನ ದುಡ್ಡು ಕೊಡಿ, ಸಾಕು."
ತಪ್ಪು ನನ್ನದು, ಅಂತಲೂ ಅಂದೆ.
ಎಂಜಿನ್ನು ಓಡುತ್ತಿತ್ತು. ಕೇಳಿಸಿತೋ ಇಲ್ಲವೋ.
ಆರಿಸಿ ಮತ್ತೊಮ್ಮೆ ಹೇಳಬಹುದಿತ್ತು.

ಮುಂದಿನ ವಾರ ಉಪ್ಪಿನಲ್ಲಿ ಹಾಕಿದ ಕೇಪರ್ ಮೊಗ್ಗಿನ ಜಾಡಿ ಹಿಡಿದು ಬಂದಳು.
"ಮುಳ್ಳು ನಡು ದಾಟುವುದೇ ಇಲ್ಲ ಈಗ, ಏನು ಮಾಡಿದೆಯೋ ಮಹಾರಾಯ.
ಆದರೆ ನೋಡು,
ಏರಿನ ಬುಡ ಬಂತೆಂದರೆ ಕೈ ತಾನೇ ಹೀಟರಿಗೆ ಹೋಗುತ್ತದೆ.
ಬೇಡ ಅಂದರೂ ಕೇಳುವುದಿಲ್ಲ."

ನಕ್ಕಳು, ಗಾಜು ಇಳಿಸಿಕೊಂಡು ಹೊರಟಳು.
ತಿರುವಿನವರೆಗೂ ಕಿವಿಗೊಟ್ಟು ನಿಂತೆ.
ಜಾಡಿ ಇನ್ನೂ ಬಿಚ್ಚಿಲ್ಲ.